ಹಿಮದ ಹೋಟೆಲಿನ ಮೂರು ನಳ

ಬೀದರ್ ಬಸ್ ಸ್ಟ್ಯಾಂಡ್

ಹಿಮದ ಮೇಲೆ ಜಾರಿ ಬಿದ್ದ ಕಥೆ ಕೇಳಲು ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಯವರು ಈಗಲೂ ಮನೆಗೆ ಬರುತ್ತಾರೆ. ಹೇಳುತ್ತೇನೆ, ನಗುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಅದೇ ಪ್ರವಾಸದ ಇನ್ನೊಂದು ಸಂಗತಿಯನ್ನು ಮಾತ್ರ ಓಣಿಯಲ್ಲಿ ಹೇಳಿಲ್ಲ. ಹೇಳಿದರೆ ಅದನ್ನೂ ನಗೆಗೆ ಹಾಕಿಬಿಡುತ್ತಾರೆಂಬ ಅಂಜಿಕೆ. ಬರೆದರೆ ಸಾವಕಾಶವಾಗಿ ಓದುತ್ತಾರೆ ಅಂದುಕೊಂಡಿದ್ದೇನೆ.

ನಾನು ಟೈಲ್ಸ್ ಕೂಡಿಸುವವನು. ಹುಟ್ಟಿದ್ದು ಭಾಲ್ಕಿ ಹತ್ತಿರದ ಹಲಬರ್ಗಾ. ಆರನೇ ಇಯತ್ತೆಯಲ್ಲಿದ್ದಾಗ ಬಾವಿ ತಳ ಕಂಡಿತು, ಸಾಲೆ ಬಿಟ್ಟು ಸೋದರಮಾವನ ಹಿಂದೆ ಪುಣೆಯ ರೈಲು ಹತ್ತಿದೆ. ಅಲ್ಲಿ ಮೊದಲು ಉಸುಕು ಹೊತ್ತೆ, ಆಮೇಲೆ ಟೈಲ್ಸ್ ಹೊತ್ತೆ, ಆಮೇಲೆ ಕೂಡಿಸಲು ಕಲಿತೆ. ಹತ್ತೊಂಬತ್ತು ವರ್ಷ ಆದ ಮೇಲೆ ಬೀದರಿಗೆ ಬಂದು ಸ್ವಂತ ಕೆಲಸ ಹಿಡಿದೆ. ವೈಜಿನಾಥ ಕೂಡಿಸಿದ ಬಚ್ಚಲಲ್ಲಿ ನೀರು ನಿಂತಿದೆ ಎಂದು ಇವತ್ತಿನವರೆಗೆ ಒಬ್ಬರೂ ಫೋನ್ ಮಾಡಿಲ್ಲ. ಇದು ಜಂಬದ ಮಾತಲ್ಲ. ಅಥವಾ ಜಂಬದ್ದೇ ಇರಬಹುದು, ಆದರೆ ಖರೆ.

ಟೈಲ್ಸ್ ಅಂಟಿಸುವ ಗಮ್ಮಿನ ಕಂಪನಿಯೊಂದು ಆ ವರ್ಷ ತನ್ನ ಮಾಲು ಹೆಚ್ಚು ಬಳಸಿದವರನ್ನೂ ಮಾರಿದವರನ್ನೂ ಸೇರಿಸಿ ಹನ್ನೆರಡು ಮಂದಿಯನ್ನು ಹಿಮದ ಆಟಕ್ಕೆ ಕಳಿಸಿತು. ನಮ್ಮ ಜಿಲ್ಲೆಯಿಂದ ಇಬ್ಬರು. ಒಬ್ಬ ನಾನು, ಇನ್ನೊಬ್ಬ ಔರಾದಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯ ಗುಂಡಪ್ಪ. ಗುಂಡಪ್ಪ ಸುಮ್ಮನೆ ಕೂಡುವ ಮನುಷ್ಯನಲ್ಲ. ಕೈಯಲ್ಲಿ ಫೋನು, ಕಂಡದ್ದನ್ನೆಲ್ಲ ವಿಡಿಯೋ.

ಮಾಂಜ್ರಾ ನದಿಯಲ್ಲಿ ದನ ಮೇಯಿಸುತ್ತಿದ್ದ ಬರಗಾಲದ ಕಾಲ ಅದು. ಹೈದರಾಬಾದ್ ಬಸ್ಸಿನ ತುಂಬ ಗುಳೆ ಹೊರಟವರು. ನನ್ನ ಹೊಸ ಸೂಟ್‌ಕೇಸಿಗೆ ಒತ್ತಿ ಒಬ್ಬ ಹೆಣ್ಣುಮಗಳು ಕೊಡ, ಬುಟ್ಟಿ, ಸುತ್ತಿದ ಚಾಪೆ ಇಟ್ಟಿದ್ದಳು. ಅರ್ಧ ದಾರಿಯಾದ ಮೇಲೆ ಕೇಳಿದಳು.

“ಅಣ್ಣಾರ, ನೀವು ಯಾವ ಸೈಟಿಗಿ ಹೊಂಟೀರಿ?”

“ಸೈಟಿಗಲ್ಲ ತಂಗಿ. ಹೊರದೇಶಕ್ಕ. ಹಿಮದಾಗ ಆಡ್ಲಾಕ.”

“ಆಡ್ಲಾಕಾ?” ಅವಳು ಸೂಟ್‌ಕೇಸ್ ನೋಡಿದಳು, ನನ್ನ ಕೈಯ ಜಡ್ಡುಗಟ್ಟಿದ ಬೆರಳು ನೋಡಿದಳು. “ಎಷ್ಟ್ ದಿನದ ಕೆಲಸ್ರಿ ಅದು?”

ಗುಂಡಪ್ಪ ಕಿಸಕ್ಕನೆ ನಕ್ಕ. ನನಗೆ ನಗು ಬರಲಿಲ್ಲ. ಎಂಟು ದಿನ ಎಂದು ಹೇಳಿ ಕಿಟಕಿಯ ಕಡೆ ತಿರುಗಿದೆ.

ಗುಡೌರಿ

ನಾವು ಹೋದದ್ದು ಜಾರ್ಜಿಯಾಕ್ಕೆ. ಅಮೆರಿಕದ ಜಾರ್ಜಿಯಾ ಅಲ್ಲ, ರಷ್ಯಾದ ಬೆನ್ನಿಗೆ ಹತ್ತಿಕೊಂಡಿರುವ ಸಣ್ಣ ದೇಶ. ವಿಮಾನ ನಿಲ್ದಾಣಕ್ಕೆ ನಮ್ಮನ್ನು ಕರೆಯಲು ಬಂದವಳು ಪ್ರಾಜಕ್ತಾ ಎಂಬ ಹುಡುಗಿ. ಅಲ್ಲಿ ಡಾಕ್ಟರಿಕೆ ಓದುತ್ತಾಳೆ, ರಜೆಯಲ್ಲಿ ನಮ್ಮಂಥವರಿಗೆ ದಾರಿ ತೋರಿಸುತ್ತಾಳೆ. ಊರು ಮಹಾರಾಷ್ಟ್ರದ ಉದಗೀರ ಎಂದಳು. ನಾನು ಮರಾಠಿಯಲ್ಲಿ ಮಾತು ತೆಗೆದೆ.

“ಕಾಕಾ, ಕನ್ನಡಾನೂ ಬರ್ತದ್ರಿ. ನಮ್ಮವ್ವನ ತವರಮನಿ ಮೆಹಕರ.”

“ಹಂಗಾದ್ರ ಭಾಲ್ಕಿ ತಾಲೂಕಿನ ಮಗಳೇ ಆದಿ!” ಎಂದ ಗುಂಡಪ್ಪ. “ನಮ್ಗ ಇನ್ ಫಿಕರ್ ಇಲ್ಲ. ಉಪ್ಪಿಟ್ಟು ಸಿಗ್ತದೇನವ್ವಾ ಅಲ್ಲಿ?”

ಗುಡ್ಡದ ದಾರಿಯಲ್ಲಿ ಒಂದು ತಿರುವಿಗೆ ಒಂದು ಇಗರ್ಜಿ. ಪ್ರತಿ ಇಗರ್ಜಿ ಕಂಡಾಗ ನಮ್ಮ ಡ್ರೈವರ್ ಸ್ಟೇರಿಂಗ್ ಬಿಟ್ಟು ಎದೆಯ ಮೇಲೆ ಮೂರು ಸಲ ಶಿಲುಬೆ ಗುರುತು ಮಾಡುತ್ತಿದ್ದ. ಎಡಗಡೆ ಪ್ರಪಾತ. ಗುಂಡಪ್ಪ ಮೊದಮೊದಲು ನಕ್ಕ, ಆಮೇಲೆ ಅವನೂ ಕೈ ಮುಗಿಯತೊಡಗಿದ. “ಆತ ದೇವರಿಗಿ ಬಿಟ್ಟಾನ, ನಾ ಆತನಿಗಿ ಬಿಟ್ಟೀನಿ” ಎಂದ.

ಗುಡೌರಿಯ ಹೋಟೆಲು ದೊಡ್ಡದು. ಗೋಡೆಯೆಲ್ಲ ಗಾಜು. ಒಳಗೆ ಬನಿಯನ್ ಮೇಲೆ ಕೂಡುವಷ್ಟು ಬಿಸಿ, ಹೊರಗೆ ಮೂಗಿನ ಕೂದಲು ಮುಳ್ಳಾಗುವಷ್ಟು ಥಂಡಿ. ಎತ್ತರದ ಊರಾದ್ದರಿಂದ ಎರಡು ಮೆಟ್ಟಿಲು ಹತ್ತಿದರೂ ಎದೆ ಡವಡವ ಎನ್ನುತ್ತಿತ್ತು. ನಾನು ಅಭ್ಯಾಸದಂತೆ ಮೊದಲು ಬಚ್ಚಲು ನೋಡಿದೆ. ಕೆಲಸ ಚಲೋ ಇತ್ತು. ಬಾಗಿಲ ಹತ್ತಿರ ಒಂದು ತುಂಡು ಮಾತ್ರ ಅಳತೆ ತಪ್ಪಿ ಕತ್ತರಿಸಿದ್ದರು. ಎಲ್ಲೆಡೆ ಮಿಸ್ತ್ರಿಗಳಿಗೆ ಬಾಗಿಲ ಹತ್ತಿರ ಬರುವಾಗಲೇ ಅವಸರ.

ಮರುದಿನ ಸ್ಕೀ. ಒಂದೊಂದು ಬೂಟು ಒಂದೊಂದು ಟೈಲ್ಸ್ ಬಾಕ್ಸಿನಷ್ಟು ಭಾರ. ಅದರ ಕೆಳಗೆ ಎರಡು ಉದ್ದನೆಯ ಪಟ್ಟಿ. ಕಲಿಸುವಾತ ಮೊಣಕಾಲು ಬಾಗಿಸು, ಮುಂದೆ ನೋಡು ಎಂದ. ನಾನು ಇಳಿಜಾರು ನೋಡಿದೆ. ಇಳಿಜಾರು ಕೊಡುವುದು ನನ್ನ ಕಸುಬು, ನೀರು ಎತ್ತ ಹರಿಯುತ್ತದೆಂದು ಕಣ್ಣಲ್ಲೇ ಹೇಳಬಲ್ಲೆ. ನಾನೂ ಅತ್ತಲೇ ಹರಿದೆ. ನಿಲ್ಲುವುದು ಹೇಗೆಂದು ಆತ ಹೇಳಿದ್ದು ಹಿಂದೆಯೇ ಉಳಿಯಿತು. ಕಿತ್ತಳೆ ಬಣ್ಣದ ಬಲೆಗೆ ಸಿಕ್ಕಿ ಕಾಲು ಮೇಲಾಗಿ ಬಿದ್ದಾಗ, ಐದಾರು ವರ್ಷದ ಒಂದು ಹೆಣ್ಣುಕೂಸು ಪಕ್ಕದಲ್ಲಿ ಸೊಂಯ್ ಎಂದು ಬಂದು ನಿಂತು, ನನ್ನ ಬಿದ್ದ ಕೋಲನ್ನು ಕೈಗೆ ಕೊಟ್ಟು ಹೋಯಿತು. ಗುಂಡಪ್ಪನ ವಿಡಿಯೋದಲ್ಲಿ ಅದೆಲ್ಲ ಇದೆ. ಅವನು ಮಾತ್ರ ಕೊನೆಯವರೆಗೆ ಪಟ್ಟಿ ಕಟ್ಟಿಕೊಳ್ಳಲಿಲ್ಲ. ಹಿಮದ ಮೇಲೆ ಪದ್ಮಾಸನ ಹಾಕಿ ಕೂತಿದ್ದ.

“ವೈಜಿನಾಥ, ಇಷ್ಟೆಲ್ಲಾ ನೀರೇ ಅಲ್ಲೇನೋ? ಸುಮ್ನ ಬಿದ್ದದ ನೋಡು. ಒಬ್ಬರರೇ ಒಂದ್ ಬಕೀಟ್ ಇಟ್ಟಾರಾ?”

ಅವನು ತಮಾಷೆಗೆ ಅಂದದ್ದು. ಆದರೆ ಆ ಮಾತಿನ ನಂತರ ನನಗೆ ಹಿಮ ಹಿಮವಾಗಿ ಕಾಣಲಿಲ್ಲ. ನಮ್ಮ ಓಣಿಗೆ ಹದಿಮೂರು ದಿನಕ್ಕೊಮ್ಮೆ ನಳ ಬರುತ್ತಿತ್ತು. ಇಲ್ಲಿ ಗುಡ್ಡಕ್ಕೆ ಗುಡ್ಡವೇ ನೀರು, ಅದರ ಮೇಲೆ ಮಂದಿ ಆಡುತ್ತಿದ್ದರು.

ಕಣಿವೆಯ ತುದಿ

ಎರಡು ದಿನದ ಮೇಲೆ ಘಾಟು ದಾಟಿ ಒಂದು ಸಣ್ಣ ಹೋಟೆಲಿಗೆ ಹೋದೆವು. ಕಾರು ಹೋಗದ ಜಾಗ. ಟ್ಯಾಂಕಿನ ಹಾಗೆ ಚೈನಿನ ಮೇಲೆ ನಡೆಯುವ ಗಾಡಿಯಲ್ಲಿ ಒಂದು ತಾಸು ಏರಿದರೆ, ಕಣಿವೆಯ ತುದಿಯಲ್ಲಿ ಕಲ್ಲಿನ ಎರಡಂತಸ್ತಿನ ಮನೆ. ಹಿಂದೆ ಅದು ಕುರಿ ಕಾಯುವವರ ತಂಗುದಾಣವಾಗಿತ್ತಂತೆ. ಅಲ್ಲಿಂದ ಕೆಳಗೆ ಬೇರೆ ಒಂದು ದೀಪವೂ ಕಾಣುತ್ತಿರಲಿಲ್ಲ.

ಮನೆಯನ್ನು ನಡೆಸುವವಳು ಮನಾನಾ. ಐವತ್ತರ ಮೇಲಿನ ಗಟ್ಟಿ ಹೆಂಗಸು. ಅವಳ ತಮ್ಮ ರಾಜಧಾನಿಯಲ್ಲಿದ್ದಾನೆ, ಹೋಟೆಲಿನಲ್ಲಿ ಅವನದೂ ಪಾಲು. ಇನ್ನೊಬ್ಬ ಗೀವಿ. ವಯಸ್ಸು ಎಪ್ಪತ್ತು ದಾಟಿತ್ತು. ಒಲೆಗೆ ಕಟ್ಟಿಗೆ, ಛಾವಣಿಯ ಹಿಮ, ಪೈಪು, ವಿದ್ಯುತ್ತು ಎಲ್ಲ ಅವನ ಕೈಕೆಳಗೆ. ಮನೆ ಹೋಟೆಲಾಗುವ ಮೊದಲಿನಿಂದ ಇದ್ದವನು. ಸಣ್ಣ ಕೋಣೆ, ಒಂದು ಮಂಚ, ಒಂದು ರೇಡಿಯೋ. ಕೆಳಗೆ ಊರಲ್ಲಿ ಅವನಿಗೆ ಮನೆಯಿಲ್ಲ ಎಂದು ಪ್ರಾಜಕ್ತಾ ಹೇಳಿದಳು. ನಾನು ಅವನ ಕೈ ನೋಡಿದೆ, ಅವನು ನನ್ನದು ನೋಡಿದ. ಕೈ ಕುಲುಕಿದಾಗ ಇಬ್ಬರೂ ಜರಾ ಹೊತ್ತು ಬಿಡಲಿಲ್ಲ. ಕೆಲಸದವನಿಗೆ ಕೆಲಸದವನು ಸಿಕ್ಕರೆ ಭಾಷೆ ಬೇಕಾಗುವುದಿಲ್ಲ ಎಂದು ನಾನು ಆಗ ಅಂದುಕೊಂಡೆ.

ಸಂಜೆ ನೆಟ್‌ವರ್ಕ್ ಸಿಕ್ಕಿತು. ಹೆಂಡತಿ ಕಸ್ತೂರಿಗೆ ವಿಡಿಯೋ ಕಾಲ್ ಮಾಡಿ ಕಿಟಕಿಯಿಂದ ಹಿಮ ತೋರಿಸಿದೆ.

“ಹೂಂ, ಕಾಣ್ತದ. ಬೆಳ್ಳಗದ. ನೀವು ಮಫ್ಲರ್ ಕಟ್ಟೀರೇನ್ರಿ?”

“ನೋಡೇ ಜರಾ, ಹ್ಯಾಂಗ್ ಬೀಳ್ಲತ್ತದ!”

“ಬಿದ್ರ ಬೀಳ್ಲಿ. ಇಲ್ಲಿ ಟ್ಯಾಂಕರ್ ಬಂದದ್ರಿ, ನಂದು ಒಂಬತ್ತನೇ ಕೊಡ. ಇಡ್ತೀನಿ, ಇಡ್ತೀನಿ.”

ಪರದೆಯಲ್ಲಿ ಒಂದು ಕ್ಷಣ ಕೊಡದ ಬಾಯಿ ಕಂಡಿತು, ಕಾಲ್ ಕಟ್ ಆಯಿತು.

ಊಟ ಮುಗಿಸಿ ಕೈ ತೊಳೆಯಲು ಹೋದೆ. ಊಟದ ಕೋಣೆಯ ಪಕ್ಕದ ಬಚ್ಚಲಲ್ಲಿ ನಳ ಬಿಟ್ಟೇ ಇತ್ತು. ಸಣ್ಣಗೆ ಒಂದೇ ಸಮ ಹರಿಯುತ್ತಿತ್ತು. ತಿರುಗಿಸಿ ಬಂದ್ ಮಾಡಿದೆ. ಅಡಿಗೆಮನೆಯ ಹಿಂದಿನ ತೊಟ್ಟಿಯ ಹತ್ತಿರ ಹೋದರೆ ಅಲ್ಲೂ ಹಾಗೇ. ಅದನ್ನೂ ಬಂದ್ ಮಾಡಿದೆ. ಈಗ ನನಗೆ ಸಿಟ್ಟು ಏರಿತ್ತು. ನಾನು ಎರಡನೆಯದನ್ನು ತಿರುಗಿಸುವಾಗಲೇ ಗುಂಡಪ್ಪ ಫೋನ್ ಹಿಡಿದು ಹಿಂದೆ ಬಂದಿದ್ದ.

“ಹೇಳ್ರಿ ವೈಜಿನಾಥ ಸಾಹೇಬ್ರ, ಔರಾದಿನ ಮಂದಿಗಿ ಏನ್ ಹೇಳ್ತೀರಿ?”

ನಾನು ಹೇಳಿದೆ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದೆ. ಮೇಲಿನ ಅಂತಸ್ತಿನ ಕೊನೆಯಲ್ಲಿದ್ದ ಮೂರನೆಯ ನಳವನ್ನು ಭಾಷಣ ಮಾಡುತ್ತಲೇ ಬಂದ್ ಮಾಡಿದೆ. ಗುಂಡಪ್ಪ ಭೇಷ್ ಎಂದ. ಒಂದು ಪುಣ್ಯದ ಕೆಲಸ ಮಾಡಿದವನ ಹಾಗೆ ಹೋಗಿ ಮಲಗಿದೆ. ಹಾಸಿಗೆ ಬಿಸಿಯಿತ್ತು, ಬಲು ಚಲೋ ನಿದ್ದೆ ಬಂತು.

ನೀರು ನಿಂತ ಬೆಳಿಗ್ಗೆ

ಬೆಳಿಗ್ಗೆ ಎದ್ದರೆ ಕಿಟಕಿಯ ಅರ್ಧದವರೆಗೆ ಹಿಮ. ಕೆಳಗಿನ ದಾರಿ ಮುಚ್ಚಿದೆ, ಇವತ್ತು ಗಾಡಿ ಬರುವುದಿಲ್ಲ ಎಂದರು. ನಳ ತಿರುಗಿಸಿದೆ. ಬರಲಿಲ್ಲ. ಇನ್ನೊಂದು ಕೋಣೆಯಲ್ಲೂ ಇಲ್ಲ. ಕೆಳಗೆ ಅಡಿಗೆಮನೆಯಿಂದ ಮನಾನಾಳ ದೊಡ್ಡ ದನಿ ಬರುತ್ತಿತ್ತು.

ಪ್ರಾಜಕ್ತಾ ಮೆಟ್ಟಿಲ ಮೇಲೆ ನಿಂತಿದ್ದಳು.

“ಏನಾಗ್ಯಾದವ್ವಾ?”

“ಪೈಪಿನಾಗಿನ ನೀರು ಬರ್ಫಾಗಿ ಗಡ್ಡಿ ಕಟ್ಟ್ಯಾದ್ರಿ ಕಾಕಾ. ಈ ಥಂಡ್ಯಾಗ ದಿನಾ ಸಂಜಿಕ ಮೂರು ನಳ ಸಣ್ಣಗ ಬಿಟ್ಟಿಡ್ತಾರ. ನೀರು ನಡೀತಾ ಇದ್ರ ಗಡ್ಡಿ ಕಟ್ಟಂಗಿಲ್ಲ. ಗೀವಿ ಅಜ್ಜಾನ ಕೆಲಸ ಅದು. ನಿನ್ನಿ ಬಿಡೋದು ಮರ್ತಾನಂತ.”

ಅವಳನ್ನು ದಾಟಿ ಕೆಳಗಿಳಿದೆ.

ಅಡಿಗೆಮನೆಯಲ್ಲಿ ಗೀವಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಮನಾನಾ ಬೈಯುತ್ತಿದ್ದಳು, ಆದರೆ ಕಣ್ಣಲ್ಲಿ ನೀರಿತ್ತು. ಪ್ರಾಜಕ್ತಾ ನನ್ನ ಕಿವಿಯಲ್ಲಿ ಹೇಳಿದಳು. “ಹೋದ ತಿಂಗಳು ಕಟ್ಟಿಗಿ ಕೋಣಿ ಕೀಲಿ ಎಲ್ಲೋ ಇಟ್ಟು ಮರ್ತಿದ್ನಂತ. ಆಗಿಂದ ಆಕಿ ತಮ್ಮ ಹೇಳ್ಲತ್ತಾನ, ಅಜ್ಜಗ ವಯಸ್ಸಾಯ್ತು, ಕೆಳಗ ವೃದ್ಧಾಶ್ರಮಕ್ಕ ಕಳಸು ಅಂತ. ಆಕಿನೇ ಬ್ಯಾಡ ಅಂತ ತಡದಾಳ. ಈಗ ತಮ್ಮಗ ಫೋನ್ ಮಾಡಿ ಹೇಳಿದ್ಲಂತ. ದಾರಿ ತೆರದ ಕೂಡ್ಲೇ ಅಜ್ಜನ್ನ ಕರ್ಕೊಂಡು ಹೋಗ್ಲಾಕ ಬರ್ತಾನಂತ.”

ಗೀವಿ ತೊಟ್ಟಿಯ ಹತ್ತಿರ ಹೋಗಿ ನಳದ ಮೇಲೆ ಕೈ ಇಟ್ಟ. ಕಣ್ಣು ಮುಚ್ಚಿದ. ನಿನ್ನೆ ಸಂಜೆ ಆ ಕೈ ಏನು ಮಾಡಿತೆಂದು ಕೈಯನ್ನೇ ಕೇಳುವವನ ಹಾಗೆ ತಿರುಗಿಸಿದ, ಮತ್ತೆ ತಿರುಗಿಸಿದ. ಒಂದು ಮಾತು ಹೇಳಿದ.

“ಬಿಟ್ಟಂಗ ನೆನಪದ ಅಂತಾನ್ರಿ” ಎಂದಳು ಪ್ರಾಜಕ್ತಾ. “ಆದ್ರ ಅದು ಮೊನ್ನಿದು ನೆನಪೋ ನಿನ್ನಿದೋ ಗೊತ್ತಾಗ್ವಲ್ದು ಅಂತ.”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಸುತ್ತ ನಮ್ಮ ಹನ್ನೆರಡು ಮಂದಿ, ಅವರಲ್ಲಿ ಸೊಲ್ಲಾಪುರ, ನಾಂದೇಡದ ಕಾಂಟ್ರಾಕ್ಟರುಗಳು. ಒಂದು ಮೂಲೆಯಲ್ಲಿ ನಮ್ಮ ಹಾಗೇ ಅತಿಥಿಗಳಾಗಿ ಬಂದಿದ್ದ ಪೋಲೆಂಡಿನ ಗಂಡ ಹೆಂಡತಿ. ಕೆಲಸ ಕೆಡಿಸಿದವನು ಎಂದು ನನ್ನನ್ನು ಯಾರೂ ಯಾವತ್ತೂ ಕರೆದಿರಲಿಲ್ಲ. ಗುಂಡಪ್ಪ ನನ್ನ ತೋಳು ಹಿಡಿದು ಹೊರಗೆ ಎಳೆದ.

“ಸುಮ್ನಿರಪಾ. ನಿಂಗೇನ್ ಗೊತ್ತಿತ್ತು? ಎರಡು ದಿನಾ ಆದ್ರ ನಾವು ಹೋಗ್ತೇವಿ.”

“ಅಜ್ಜ?”

“ಅಜ್ಜಗ ವಯಸ್ಸಾಗ್ಯಾದ. ಇವತ್ತಿಲ್ಲಾ ನಾಳಿ ಕಳಸೇ ಕಳಸ್ತಾರ. ಆ ವಿಡಿಯೋನೂ ನಾ ಅಳಸಿ ಹಾಕ್ತೀನಿ, ಆಯ್ತಾ?”

ನನಗೆ ಮಾತಾಡುವ ಬದಲು ಕೆಲಸ ಮಾಡಿದರಾಯಿತು ಅನ್ನಿಸಿತು. ತೋಳು ಮಡಚಿ ಗೀವಿಯ ಹತ್ತಿರ ಹೋದೆ.

ಪೈಪು ಅಡಿಗೆಮನೆಯ ಉತ್ತರದ ಗೋಡೆಯಲ್ಲಿ, ಟೈಲ್ಸಿನ ಹಿಂದೆ ಹೋಗಿತ್ತು. ಅದನ್ನು ಹಾಕಿದವನೇ ಗೀವಿ. ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದ. ಅಲ್ಲಿ ಒಂದು ಮುಷ್ಟಿಯಷ್ಟೂ ಅವನ ನೆನಪು ತಪ್ಪಿರಲಿಲ್ಲ. ಟೈಲ್ಸ್ ಹಳೆಯ ಕಾಲದವು, ನೀಲಿ ಅಂಚಿನವು, ಈಗ ಎಲ್ಲೂ ಸಿಗುವುದಿಲ್ಲ. ಒಡೆಯಬೇಡ ಎಂದು ಮನಾನಾ ಕೈ ಮುಗಿದಳು. ನಾನು ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಸಂದುಗಳನ್ನು ಕೊರೆದೆ. ಬೆರಳ ಗಿಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಮೂಲೆಯಿಂದ ಉಳಿ ತೂರಿಸಿ, ಒಂದೊಂದನ್ನೇ ರೊಟ್ಟಿ ಮಗುಚಿದ ಹಾಗೆ ಬಿಡಿಸಿದೆ. ಹದಿನಾರರಲ್ಲಿ ಹದಿನೈದು ಇಡಿಯಾಗಿ ಬಂದವು. ಒಂದು ಒಡೆಯಿತು. ಹಿಂದೆ ನಿಂತಿದ್ದ ಗುಂಡಪ್ಪ, “ಗಮ್ಮಿನ ಕಂಪನಿ ಖರ್ಚಿನಾಗ ಬಂದು ಟೈಲ್ಸ್ ಕಿತ್ತಾವ ನೀ ಒಬ್ಬನೇ ಇರ್ಬೇಕು” ಎಂದ.

ಪೋಲೆಂಡಿನ ಹೆಂಗಸು ತನ್ನ ಕೂದಲು ಒಣಗಿಸುವ ಯಂತ್ರ ಕೊಟ್ಟಳು. ನಾನು ಅದರ ಬಿಸಿ ಗಾಳಿಯನ್ನು ಪೈಪಿನ ನಟ್ಟನಡುವೆ ಹಿಡಿದೆ. ಗೀವಿ ನನ್ನ ಮುಂಗೈ ಹಿಡಿದು ನಳದ ಬಾಯಿಯ ಹತ್ತಿರ ತಂದಿಟ್ಟ. ಅಲ್ಲಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ನಡುವಿನ ನೀರು ಹಿಗ್ಗಿ ಪೈಪು ಸೀಳುತ್ತದೆ. ಕೈಸನ್ನೆಯಲ್ಲೇ ತಿಳಿಸಿದ. ಉಳಿದ ಭಾಗಕ್ಕೆ ಇಬ್ಬರೂ ಬಿಸಿನೀರಿನ ಬಟ್ಟೆ ಸುತ್ತಿದೆವು. ಹಿಮ ಕರಗಿಸಿ, ಕಾಯಿಸಿ, ಹಿಂಡಿ, ಸುತ್ತಿ. ಬಟ್ಟೆ ಬದಲಿಸುವ ನಡುವೆ ಅವನು ಮೆಲ್ಲಗೆ ಎದ್ದು ಹೋಗಿ ಬಚ್ಚಲಿನ ನಳ ಮುಟ್ಟಿ ಬರುತ್ತಿದ್ದ. ಬೆರಳು ಮಡಚಿ ಏನೋ ಎಣಿಸುತ್ತಿದ್ದ. ಮೂರರವರೆಗೆ ಬಂದು ನಿಲ್ಲುತ್ತಿದ್ದ, ಮತ್ತೆ ಒಂದರಿಂದ.

ಪುಣೆಯಲ್ಲಿ ಮೇಲಂತಸ್ತಿನಿಂದ ಬಿದ್ದವರನ್ನು ನೋಡಿದ್ದೇನೆ. ಕೂಲಿ ಸಿಗದೆ ಅತ್ತವರನ್ನು ನೋಡಿದ್ದೇನೆ. ಆದರೆ ಮಾಡಿದ ಕೆಲಸವನ್ನು ಮಾಡಿದೆನೋ ಇಲ್ಲವೋ ಎಂದು ತನ್ನನ್ನೇ ನಂಬದೆ ಕೂತ ಮಿಸ್ತ್ರಿಯನ್ನು ಅದಕ್ಕೂ ಮೊದಲು ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಳ ಗೊರ್ ಎಂದಿತು. ಕೆಮ್ಮಿ, ಕಂದು ನೀರು ಉಗುಳಿ, ಹರಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಹೊಡೆದರು.

ಊಟದ ಮೇಜು

ಆ ದೇಶದಲ್ಲಿ ಊಟಕ್ಕೆ ಕೂತರೆ ಸುಮ್ಮನೆ ಉಣ್ಣುವುದಿಲ್ಲ. ಯಜಮಾನರಾದವರು ಗ್ಲಾಸು ಎತ್ತಿ ಯಾರದಾದರೂ ಹೆಸರಿನಲ್ಲಿ ನಾಲ್ಕು ಒಳ್ಳೆಯ ಮಾತು ಆಡಬೇಕು. ಮಾತು ಯಾರ ಮೇಲೆ ಬಂತೋ ಅವರು ಎದ್ದು ಉತ್ತರ ಕೊಡಬೇಕು. ಅಲ್ಲಿಯವರೆಗೆ ಯಾರೂ ಗ್ಲಾಸು ತುಟಿಗೆ ಮುಟ್ಟಿಸುವಂತಿಲ್ಲ. ತಂದೂರಿ ಭಟ್ಟಿಯಂಥ ಒಲೆಯಲ್ಲಿ ಬೇಯಿಸಿದ ರೊಟ್ಟಿ, ಕೆಂಪು ಕಾಳಿನ ಪಲ್ಯ, ಚೀಸು ತುಂಬಿದ ಹೋಳಿಗೆಯಂಥದ್ದು, ಎಲ್ಲ ಮುಂದಿತ್ತು. ನಾನು ದಾರು ಕುಡಿಯುವವನಲ್ಲವೆಂದು ನನಗೆ ದಾಳಿಂಬೆ ರಸ ಕೊಟ್ಟಿದ್ದರು. ಗೀವಿ ಮೇಜಿಗೆ ಬರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

ಮನಾನಾ ಎದ್ದು ಗ್ಲಾಸು ಎತ್ತಿದಳು. ಪ್ರಾಜಕ್ತಾ ಹೇಳುತ್ತ ಹೋದಳು. “ದೂರದ ದೇಶದಿಂದ ಒಬ್ಬ ಅತಿಥಿ ಬಂದ. ಆಡ್ಲಾಕ ಬಂದವ. ನಮ್ಮ ಮನಿಗಿ ಕಷ್ಟ ಬಂದಾಗ ಆಟ ಬಿಟ್ಟು ತೋಳು ಮಡಚಿದ. ಇಂಥ ಕೈ ಇದ್ದವರ ಮನಿ ತಣ್ಣಗಿರ್ಲಿ… ತಣ್ಣಗ ಅಂದ್ರ, ಚಲೋ ಇರ್ಲಿ ಅಂತ್ರಿ ಕಾಕಾ.”

ಎಲ್ಲರ ಕಣ್ಣು ನನ್ನ ಮೇಲೆ. ಎದ್ದು ನಿಂತೆ. ದಾಳಿಂಬೆ ರಸದ ಗ್ಲಾಸನ್ನು ಮೇಜಿನ ಮೇಲೆಯೇ ಬಿಟ್ಟೆ.

“ಪ್ರಾಜಕ್ತಾ, ನಾ ಹೇಳಿದ್ದು ಒಂದಕ್ಷರ ಬಿಡ್ದೆ ಹೇಳ್ತೀಯೇನವ್ವಾ?”

“ಹೇಳ್ತೇನಿ ಕಾಕಾ.”

“ನಳ ಬಂದ್ ಮಾಡ್ದಾವ ನಾನು. ಅಜ್ಜ ಮರ್ತಿಲ್ಲ. ಮೂರೂ ಬಿಟ್ಟಿದ್ದ. ಮೂರೂ ನಾನೇ ಬಂದ್ ಮಾಡೀನಿ.”

ಅವಳು ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಹೇಳಿದಳು. ಮನಾನಾ ಕೇಳಿದಳು. ಅವಳ ಮುಖ ಮೆತ್ತಗಾಯಿತು. ಎದೆಯ ಮೇಲೆ ಕೈ ಇಟ್ಟುಕೊಂಡು ಏನೋ ಅಂದಳು.

“ಆಕಿ ನಂಬವಲ್ಲಳ್ರಿ. ನೀವು ಅಜ್ಜನ ಮ್ಯಾಲ ಕರುಣಾ ಮಾಡಿ ತಪ್ಪು ನಿಮ್ಮ ಮ್ಯಾಲ ತೊಗೊಳ್ಳತ್ತೀರಿ ಅಂತಾಳ. ಹಿಮದಾಗ ಯಾವ ಮನುಷ್ಯಾ ಹರಿಯೋ ನಳಾ ಹುಡುಕ್ಕೊಂಡು ಹೋಗಿ ಬಂದ್ ಮಾಡ್ತಾನ, ಯಾಕ ಮಾಡ್ತಾನ ಅಂತ ಕೇಳ್ಲತ್ತಾಳ.”

ಯಾಕೆ ಎಂಬುದಕ್ಕೆ ನಾನು ಉತ್ತರ ಹೇಳಲು ಹೊರಟೆ. ಟ್ಯಾಂಕರು, ಕೊಡ, ಹದಿಮೂರು ದಿನ, ನಳ ಹರಿಯುವ ಸಪ್ಪಳ ಕೇಳಿದರೆ ನಿದ್ದೆಯಲ್ಲೂ ಏಳುವ ನಮ್ಮ ಓಣಿ. ಹೇಳುತ್ತ ಹೋದಷ್ಟೂ ಅದು ಕಟ್ಟಿದ ಕಥೆಯಂತೆ ನನಗೇ ಕೇಳಿಸತೊಡಗಿತು. ಪೋಲೆಂಡಿನವರು ನನ್ನನ್ನು ಒಳ್ಳೆಯ ಮನುಷ್ಯನೆಂಬಂತೆ ನೋಡುತ್ತಿದ್ದರು.

ಬಾಗಿಲಲ್ಲಿದ್ದ ಗೀವಿ ಎದ್ದ. ನನ್ನ ಕಡೆ ಅಂಗೈ ತೋರಿಸಿ, ಸಾಕು ಎಂಬಂತೆ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿತ್ತು. ಕೆಲಸದವನಿಗೆ ಇನ್ನೊಬ್ಬ ಕೆಲಸದವನು ಭಿಕ್ಷೆ ಹಾಕಿದಾಗ ಬರುವ ಸಿಟ್ಟು ಅದು.

ನಾನು ಗುಂಡಪ್ಪನ ಕಡೆ ತಿರುಗಿದೆ. “ಆ ವಿಡಿಯೋ ಅಳಸೀಯೇನೋ?”

ಗುಂಡಪ್ಪ ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. “ಬ್ಯಾಡ ಬಿಡೋ. ಅದ್ರಾಗ ನೀ ಏನೇನ್ ಮಾತಾಡೀಯೋ ನಿಂಗೇ ನೆನಪಿಲ್ಲ.”

“ಅಳಸೀಯೇನು ಹೇಳು.”

“ಇಲ್ಲಪಾ. ಔರಾದಿನ ಮಂದಿಗಿ ತೋರಿಸ್ಲಾಕ ಇಟ್ಟೀನಿ. ಹ್ಯಾಂಗ್ ಅಳಸ್ಲಿ?”

“ಹಚ್ಚು.”

ಅವನು ಫೋನನ್ನು ಮೇಜಿನ ನಡುವೆ, ನೀರಿನ ಜಗ್ಗಿಗೆ ಆನಿಸಿ ಇಟ್ಟ. ಎಲ್ಲರೂ ಬಗ್ಗಿದರು. ಪರದೆಯಲ್ಲಿ ನಾನು. ಮಫ್ಲರ್ ಕಟ್ಟಿಕೊಂಡು, ಬೆರಳು ಎತ್ತಿ, ಪುಢಾರಿಯ ಹಾಗೆ.

“ನೋಡ್ರಿ ನಮ್ಮ ಮಂದಿ,” ಎನ್ನುತ್ತಿದ್ದೆ ನಾನು. “ಎಷ್ಟ್ ಚಲೋ ದೇಶ ಇದ್ರೇನು, ಇವರಿಗಿ ನೀರಿನ ಕಿಮ್ಮತ್ತೇ ಗೊತ್ತಿಲ್ಲ. ಸಾಲಿ ಕಲ್ತಾರ, ಅಕ್ಕಲ್ ಕಲ್ತಿಲ್ಲ. ನಾವು ಹಲಬರ್ಗಾದಾವ್ರು ಬಂದು ಕಲಸ್ಬೇಕಾಗ್ಯಾದ.”

ಪ್ರಾಜಕ್ತಾ ಒಂದು ಸಲ ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ. ಅವಳು ಹೇಳಿದಳು, ಒಂದಕ್ಷರ ಬಿಡದೆ. ಅಕ್ಕಲ್ ಎಂಬುದಕ್ಕೆ ಅವರ ಭಾಷೆಯಲ್ಲಿ ಯಾವ ಮಾತು ಹಾಕಿದಳೋ, ಆ ಭಾಷೆ ಅಷ್ಟಿಷ್ಟು ಬಲ್ಲ ಪೋಲೆಂಡಿನ ಗಂಡಸು ಅದನ್ನು ತನ್ನ ಹೆಂಡತಿಗೆ ತಿರುಗಿ ಹೇಳಿದ. ನಾಂದೇಡದ ಕಾಂಟ್ರಾಕ್ಟರು ಬಾಯಿಗೆ ಕರವಸ್ತ್ರ ಹಿಡಿದ. ಮನಾನಾ ನಗಲಿಲ್ಲ. ಅವಳ ಮುಖ ಕೆಂಪಾಯಿತು, ಕತ್ತು ಕೆಂಪಾಯಿತು. ಎತ್ತಿದ ಗ್ಲಾಸನ್ನು ಕೆಳಗಿಟ್ಟಳು. ಮೂವತ್ತು ವರ್ಷ ದುಡಿದು ಕಟ್ಟಿಕೊಂಡ ಹೆಸರು ಆ ಐದು ಅಂಗುಲದ ಪರದೆಯಲ್ಲಿ ಬೆರಳೆತ್ತಿ ಮಾತಾಡುತ್ತಲೇ ಇತ್ತು. ಕೂಡೋಣವೆಂದರೆ ಉತ್ತರ ಕೊಡಬೇಕಾದವನು ಕೂಡುವಂತಿಲ್ಲ. ನಿಂತೇ ಇದ್ದೆ.

ಆಗ ಗೀವಿ ಬಂದ. ನಮ್ಮೆಲ್ಲರನ್ನು ಸರಿಸಿ ಫೋನನ್ನು ಕೈಗೆ ತೆಗೆದುಕೊಂಡ. ಅವನಿಗೆ ಅದನ್ನು ಹಿಂದಕ್ಕೆ ಓಡಿಸಲು ಬರಲಿಲ್ಲ, ಗುಂಡಪ್ಪನೇ ಬೆರಳಿಟ್ಟು ಹಿಂದಕ್ಕೆ ಸರಿಸಿದ. ಅಜ್ಜ ನನ್ನ ಮಾತು ಕೇಳುತ್ತಿರಲಿಲ್ಲ, ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದು, ನನ್ನ ಕೈ ಬರುವ ಮೊದಲಿನ ಒಂದು ಕ್ಷಣವನ್ನು ನೋಡುತ್ತಿದ್ದ. ಮೇಲಂತಸ್ತಿನ ನಳ. ಅದರ ಬಾಯಿಂದ ಗೋಧಿಕಡ್ಡಿಯಷ್ಟು ಸಣ್ಣ ನೀರಿನ ಎಳೆ ನೆಟ್ಟಗೆ ಬೀಳುತ್ತಿತ್ತು.

ಅವನು ಮತ್ತೆ ಎಂದು ಸನ್ನೆ ಮಾಡಿದ. ಗುಂಡಪ್ಪ ಇನ್ನೂ ಹಿಂದಕ್ಕೆ ಸರಿಸಿದ. ಅಡಿಗೆಮನೆಯ ಹಿಂದಿನ ತೊಟ್ಟಿ. ಅಲ್ಲಿ ನನ್ನ ಕೈ ಆಗಲೇ ನಳದ ಮೇಲಿತ್ತು, ಆದರೆ ಎಳೆ ಕಡಿದಿರಲಿಲ್ಲ. ಬಚ್ಚಲಿನದು ವಿಡಿಯೋದಲ್ಲಿ ಇರಲಿಲ್ಲ, ಆಗಿನ್ನೂ ಗುಂಡಪ್ಪ ಬಂದಿರಲಿಲ್ಲ. ಅಜ್ಜ ಅದನ್ನು ಕೇಳಲೂ ಇಲ್ಲ. ಎರಡು ಬೆರಳು ಎತ್ತಿದ, ಆಮೇಲೆ ತಾನಾಗಿ ಮೂರನೆಯದನ್ನೂ ಎತ್ತಿದ.

ಮನಾನಾ ಅವನ ಹೆಗಲ ಮೇಲೆ ಕೈ ಇಡಲು ಹೋದಳು. ಅವನು ಆ ಕೈ ದಾಟಿ ಗೋಡೆಯ ಹತ್ತಿರ ಹೋಗಿ, ಅಲ್ಲಿದ್ದ ಹಳೆಯ ಫೋನು ಎತ್ತಿ, ನಂಬರು ತಿರುಗಿಸಿದ. ಯಾರನ್ನೂ ಕೇಳಲಿಲ್ಲ, ಎಲ್ಲಿಯೂ ನೋಡಿಕೊಳ್ಳಲಿಲ್ಲ. ಅಷ್ಟೂ ಅಂಕಿ ಅವನ ಬೆರಳಿನಲ್ಲಿದ್ದವು. ಆ ಕಡೆ ಯಾರೋ ಎತ್ತಿದರು. ಗೀವಿ ಬೆನ್ನು ನೆಟ್ಟಗೆ ಮಾಡಿದ. ಮೂರೇ ಶಬ್ದ ಹೇಳಿದ.

“ಯಾರಿಗಿ ಹಚ್ಯಾನವ್ವಾ?”

“ಮನಾನಾನ ತಮ್ಮಗ್ರಿ.” ಪ್ರಾಜಕ್ತಾಳ ದನಿ ಸಣ್ಣಗಾಗಿತ್ತು. “‘ನಳ ನಾನು ಬಿಟ್ಟಿದ್ದೆ’ ಅಂದ.”

ಆ ಕಡೆಯ ಉತ್ತರಕ್ಕೆ ಕಾಯದೆ ಗೀವಿ ಫೋನು ಇಟ್ಟ. ಬಂದು, ಮೇಜಿಗೆ ಕುರ್ಚಿ ಎಳೆದುಕೊಂಡು ಕೂತ.